ಬಿಬ್ಬಿನಲ್ಲಿ ಉಳಿದ ಎಪ್ಪತ್ನಾಲ್ಕು ಗ್ರಾಂ

ಪ್ರೀತಿಯ ಅಕ್ಕಾ,

ಹರಿದು ಹಾಕುವ ಮುಂಚೆ ಒಂದು ಸಲ ಓದು. ತಿಂಗಳಿಂದ ನೀನು ನನ್ನೊಡನೆ ಮಾತು ಬಿಟ್ಟಿದ್ದೀಯ. ಬಿಟ್ಟದ್ದು ಸರಿಯಾಗೇ ಇದೆ.

ನಿನ್ನ ಮಗಳು ಚಿನಕುರುಳಿ ಬರುವ ಶಿಶುಕೇಂದ್ರದಲ್ಲಿ, ಎರಡು ವರ್ಷದ ಮಕ್ಕಳು ಎಷ್ಟು ತಿನ್ನುತ್ತವೆ ಎಂದು ಅಳೆದು ವರದಿಗೆ ಲೆಕ್ಕ ಕೊಡುವುದು ನನ್ನ ಕೆಲಸ. ಉಣ್ಣುವ ಮುಂಚೆ ಬಡಿಸಿದ ತಟ್ಟೆಯ ತೂಕ, ಉಂಡ ಮೇಲೆ ತಟ್ಟೆ, ಚಮಚ, ನೆಲದ ಮೇಲೆ ಚೆಲ್ಲಿದ್ದರ ತೂಕ. ಕಳೆದರೆ ಉಳಿದದ್ದು ಮಗುವಿನ ಹೊಟ್ಟೆಗೆ. ಆ ನಿಯಮ ಬರೆದವಳೂ ನಾನೇ. ಸಂಜೆ ತಾಯಂದಿರನ್ನು ಕೇಳಿ, ಮನೆಯಲ್ಲಿ ತಿಂದದ್ದನ್ನೂ ಬರೆದುಕೊಳ್ಳುತ್ತಿದ್ದೆ. ನೀನು ಮೂರು ತಿಂಗಳೂ ಒಂದೇ ಹೇಳಿದೆ: "ನಾಲ್ಕು ಚಮಚಕ್ಕೇ ಬಾಯಿ ಮುಚ್ಚಿಬಿಡ್ತಾಳೆ ಕಣೇ. ಇವಳು ತಿಂತಿಲ್ಲ." ನನ್ನ ತಕ್ಕಡಿ ಮಾತ್ರ ದಿನವೂ ನೂರ ಮೂವತ್ತು ಗ್ರಾಂ ತೋರಿಸುತ್ತಿತ್ತು. ನಿನ್ನ ಹೆಸರಿನ ಮುಂದೆ ನಾನೇ ಬರೆದೆ: "ತಾಯಿ ಕಡಿಮೆ ಹೇಳುತ್ತಾರೆ, ನಂಬಲಾಗದು." ಡಾಕ್ಟರು ಆ ಹಾಳೆ ನೋಡಿ, "ಚೆನ್ನಾಗೇ ತಿಂತಿದಾಳಲ್ಲಮ್ಮ, ಸುಮ್ನೆ ಗಾಬರಿ ಯಾಕೆ?" ಎಂದು ನಿನ್ನನ್ನು ವಾಪಸು ಕಳಿಸಿದರು. ಮೂರು ತಿಂಗಳಲ್ಲಿ ಮಗುವಿನ ತೂಕ ಒಂದು ಗುಲಗಂಜಿಯಷ್ಟೂ ಏರಿಲ್ಲ. ಆದರೂ ಯಾರೂ ನಿನ್ನ ಮಾತಿಗೆ ಕಿವಿಗೊಡಲಿಲ್ಲ, ಒಡಹುಟ್ಟಿದ ನಾನೂ ಕೂಡ.

ಕಳೆದ ಮಂಗಳವಾರ ಆಯಾ ರಜೆ ಹಾಕಿದ್ದರು. ಊಟವಾದ ಮೇಲೆ ಮಕ್ಕಳ ಕೊರಳಿಗೆ ಕಟ್ಟುವ ಎದೆವಸ್ತ್ರ, ಆ ಬಿಬ್ಬುಗಳನ್ನು ನಾನೇ ಬಿಚ್ಚಿದೆ. ಚೆಲ್ಲಿದ್ದು ಬೀಳಲೆಂದು ಅವುಗಳ ಕೆಳಗೊಂದು ಜೇಬಿರುತ್ತದೆ. ನಿನ್ನ ಮಗಳ ಜೇಬಿನಲ್ಲಿ ಅನ್ನ, ಆಲೂಗೆಡ್ಡೆ, ಅಗಿದು ಉಗಿದ ಕ್ಯಾರೆಟ್ಟು. ತೂಗಿದೆ. ಎಪ್ಪತ್ನಾಲ್ಕು ಗ್ರಾಂ. ಕಳ್ಳಿ, ಯಾರೂ ನೋಡದಾಗ ಅರ್ಧಕ್ಕಿಂತ ಹೆಚ್ಚು ಊಟವನ್ನು ಅಲ್ಲಿಗೆ ತಳ್ಳುತ್ತಿದ್ದಳು. ಕಲೆ ಒಣಗಬಾರದೆಂದು, ನಾನು ತೂಗಲು ಬರುವ ಮುಂಚೆಯೇ ಆಯಾ ಬಿಬ್ಬು ಕೊಡವಿ ನೀರಿಗೆ ಹಾಕಿಬಿಡುತ್ತಿದ್ದರು. ಅವರ ತಪ್ಪೇನಿಲ್ಲ. ತಟ್ಟೆ, ಚಮಚ, ನೆಲ ಎಂದು ಬರೆದವಳಿಗೆ ಬಿಬ್ಬು ಹೊಳೆದಿರಲಿಲ್ಲ.

ಮತ್ತೆ ಮೂರು ದಿನ ಎಲ್ಲ ಮಕ್ಕಳ ಬಿಬ್ಬೂ ತೂಗಿ ನೋಡಿ, ನಮ್ಮ ಸಾಹೇಬರ ಕೋಣೆಗೆ ಹೋದೆ. "ವರದಿ ಅಚ್ಚಿಗೆ ಹೋಗಿದೆ. ತಾಯಂದಿರ ಮಾತಿಗಿಂತ ತಕ್ಕಡಿ ನಿಖರ ಅಂತ ಬರೆದಾಗಿದೆ. ಇದೆಲ್ಲ ಸರಾಸರೀಲಿ ಮುಚ್ಚಿಹೋಗುತ್ತೆ ಬಿಡಿ" ಎಂದರು.

"ಸರಾಸರಿಗೆ ಹಸಿವಾಗಲ್ಲ ಸರ್," ಎಂದೆ. ಮೂವತ್ತೊಂದು ಮಕ್ಕಳ ಲೆಕ್ಕವೂ ತಪ್ಪು, ತಪ್ಪು ನನ್ನದು ಎಂದು ಬರೆದು, ಸಹಿ ಹಾಕಿ, ಅವರಿಗೂ ಅವರ ಮೇಲಿನವರಿಗೂ ಕೊಟ್ಟೆ. ಮೂವತ್ತೊಂದು ಮಂದಿ ತಾಯಂದಿರ ಕೈಗೂ ಒಂದೊಂದು ಪ್ರತಿ ಹೋಗುತ್ತದೆ. ನಿನ್ನದು ಇದರ ಜೊತೆಗಿದೆ. ಕೆಲಸ ಹೋದರೆ ಹೋಗಲಿ, ತಕ್ಕಡಿ ಅವರೇ ಇಟ್ಟುಕೊಳ್ಳಲಿ.

ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ. ನೀನು ಬೇಡವೆಂದರೂ ಬಾಗಿಲಲ್ಲಿ ಬಂದು ನಿಲ್ಲುತ್ತೇನೆ. ನಾನು ಬಾಯಿ ಬಿಡುವುದಿಲ್ಲ. ಮಾತಾಡುವವಳು ನೀನು. ನೀನು ಹೇಳಿದ್ದನ್ನೆಲ್ಲ ಅವರು ಬರೆದುಕೊಳ್ಳುವವರೆಗೆ ಆ ಕುರ್ಚಿಯಿಂದ ನಾವಿಬ್ಬರೂ ಏಳುವುದಿಲ್ಲ.

ಚಿನಕುರುಳಿಗೆ ಚೆನ್ನಾಗಿ ಹಸಿವಾಗಲಿ, ತಿಂದದ್ದು ಮೈಗೆ ಹತ್ತಲಿ.

ನಿನ್ನನ್ನು ನಂಬದೆ ಹೋದ,
ತಂಗಿ