ನಮ್ಮೂರಲ್ಲಿ ಯಾರೂ ಬಿದ್ದಿಲ್ಲ ಎಂದು ಬರೆದುಕೊಂಡವರಿಗೆ

‘ದೃಢ ಹೆಜ್ಜೆ’ ಯೋಜನೆಯ ಮೇಲ್ವಿಚಾರಣಾ ಅಧಿಕಾರಿಗಳೇ, ಕುರ್ಚಿಯಲ್ಲಿ ದೃಢವಾಗಿ ಕೂತಿರುವ ಮಾನ್ಯರೇ,

ಯಗಟಿ ಕಡೆಯ ನಮ್ಮ ಊರಿನಲ್ಲಿ ಪ್ರತಿ ಗುರುವಾರ ನಡೆಯುತ್ತಿದ್ದ ಮುದುಕರ ತರಗತಿಯನ್ನು ನೀವು ನಿಲ್ಲಿಸಿದ್ದೀರಿ. ಬೀಳದಂತೆ ನಿಲ್ಲುವುದು, ನಡೆಯುವುದು, ಕೂತು ಏಳುವುದು, ಇಷ್ಟನ್ನು ಕಲಿಸುತ್ತಿದ್ದ ತರಗತಿ ಅದು. ನಿಲ್ಲಿಸಿದ್ದಕ್ಕೆ ನೀವು ಕೊಟ್ಟ ಕಾರಣ ಒಂದೇ ಸಾಲಿನದು: ‘ಸದರಿ ಗ್ರಾಮದಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಹಿರಿಯ ನಾಗರಿಕರು ಬಿದ್ದ ಪ್ರಕರಣಗಳು ಶೂನ್ಯವಾಗಿರುವುದರಿಂದ ತರಬೇತಿಯ ಅಗತ್ಯ ಕಂಡುಬರುವುದಿಲ್ಲ.’

ಶೂನ್ಯ! ಅರವತ್ತೈದು ದಾಟಿದವರು ನಮ್ಮಲ್ಲಿ ಮೂವತ್ತನಾಲ್ಕು ಮಂದಿ ಇದ್ದೇವೆ. ಅರ್ಧ ಜನಕ್ಕೆ ಕಣ್ಣು ಮಂಜು, ಉಳಿದರ್ಧಕ್ಕೆ ಮಂಡಿ ಸವೆದಿದೆ. ಬಚ್ಚಲಿಗೆ ಪಾಚಿ, ಬೀದಿಗೆ ಹಳ್ಳ, ಹೊಸಿಲಿಗೆ ಗೇಣೆತ್ತರ. ಇಂಥ ಊರಿನಲ್ಲಿ ಒಂದು ವರ್ಷ ಒಬ್ಬ ಮುದುಕನೂ ಬೀಳಲಿಲ್ಲ ಎಂಬ ಕಾಗದ ಮೇಜಿನ ಮೇಲೆ ಬಂದಾಗ ನಿಮಗೆ ಅನುಮಾನವೇ ಬರಲಿಲ್ಲವೇ? ನಿಮ್ಮ ಕಚೇರಿಗೆ ಫೋನ್ ಮಾಡಿದೆ. ತರಬೇತುದಾರರನ್ನು ಅಂತರಘಟ್ಟೆ ಕಡೆಗೆ ಹಾಕಿದ್ದೇವೆ, ಅಲ್ಲಿ ಬೀಳುವವರು ಜಾಸ್ತಿ ಇದ್ದಾರೆ ಎಂದರು. ಅಜ್ಜಂಪುರ ತಾಲ್ಲೂಕಿನ ಮುದುಕರನ್ನು ಎಳೆಯುವ ಭೂಮಿ ಕಡೂರು ತಾಲ್ಲೂಕಿನ ಮುದುಕರನ್ನು ಎಳೆಯುವುದಿಲ್ಲವೇ ಸ್ವಾಮಿ? ಹೋಗಲಿ, ತರಗತಿಯಿಂದಲೇ ಬೀಳುವುದು ನಿಂತಿತು ಎಂದೇ ಇಟ್ಟುಕೊಳ್ಳೋಣ. ಬೇಲಿ ಹಾಕಿದ ಮೇಲೆ ತೋಳ ಬರಲಿಲ್ಲ, ಆದ್ದರಿಂದ ಬೇಲಿ ಕಿತ್ತುಬಿಡಿ ಎನ್ನುವ ಕುರಿಗಾಹಿಯನ್ನು ನಮ್ಮ ಕಡೆ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಸರ್ಕಾರ ಇಟ್ಟುಕೊಳ್ಳುತ್ತದೆ ಎಂದು ಈಗ ಗೊತ್ತಾಯಿತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಯೂನಿಯನ್ನಿನಲ್ಲಿ ಬೆಳೆದವನು, ಕಡೂರಿನಲ್ಲಿ ಯಾವ ಕಚೇರಿಯ ಮೆಟ್ಟಿಲ ಮೇಲೆ ಧರಣಿಗೆ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಎಂದು ಬಲ್ಲವನು. ಪುಕ್ಕಟೆ ಎಂದು ಯಾರು ಏನು ಕೊಟ್ಟರೂ ತಿರುವಿ ನೋಡುವುದು ನನ್ನ ಅಭ್ಯಾಸ. ಆದ್ದರಿಂದ ಫಿಸಿಯೋಥೆರಪಿಯ ದೀಪಶ್ರೀ ಎಂಬ ಹುಡುಗಿ ತರೀಕೆರೆಯಿಂದ ಎರಡು ಬಸ್ ಬದಲಿಸಿ ನಮ್ಮ ಸಮುದಾಯ ಭವನಕ್ಕೆ ಮೊದಲ ಗುರುವಾರ ಬಂದಾಗ, ನಾನು ಹಿಂದಿನ ಸಾಲಿನಲ್ಲಿ ಕೂತದ್ದು ಕಲಿಯಲಿಕ್ಕಲ್ಲ, ಕಾಯಲಿಕ್ಕೆ. ಕೊನೆಗೆ ಮಂಡಿನೋವಿನ ಎಣ್ಣೆ ಮಾರುತ್ತಾಳೆ ಅಥವಾ ಯಾವುದಕ್ಕೋ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾಳೆ ಎಂದು ಕಾದೆ. ಅವಳು ಮಾರಿದ್ದು ಏನೂ ಇಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತ ಅದರ ಮೇಲೆ ನಡೆಯಿರಿ ಎಂದಳು.

“ಎಪ್ಪತ್ತೆಂಟು ವರ್ಷದಿಂದ ನಡೀತಾ ಇದೀನಿ ಕಣವ್ವ, ಈಗ ನೀನು ನಡ್ಯಾದು ಕಲುಸ್ತೀಯಾ?” ಎಂದು ಕರಿಸಿದ್ದಪ್ಪ ನಗಾಡಿದ. ಮೂರನೇ ಹೆಜ್ಜೆಗೆ ವಾಲಿದ.

“ನಡೆಯೋದು ಗೊತ್ತು ಅಜ್ಜ, ನಿಲ್ಲೋದು ಮರ್ತಿದೀರ” ಎಂದಳು ದೀಪಶ್ರೀ, ತೋಳು ಹಿಡಿಯದೆ, ಪಕ್ಕದಲ್ಲೇ ಕೈ ಚಾಚಿ ನಿಂತು. ಆಮೇಲೆ ಅವನ ಮನೆಗೆ ಹೋಗಿ ಗೋಡೆ ನೋಡಿದಳು. ಮಂಚದಿಂದ ಬಚ್ಚಲಿನವರೆಗೆ, ಸುಣ್ಣದ ಗೋಡೆಯ ಮೇಲೆ, ಎದೆ ಮಟ್ಟದಲ್ಲಿ ಎಣ್ಣೆಗಪ್ಪಿನ ಒಂದು ಪಟ್ಟಿ. ಹಿಡಿದು ಹಿಡಿದು ನಡೆದ ಕೈಯ ಗುರುತು. “ಬೀಳೋ ಭಯ ಇದ್ದೋರ ಮನೇಲಿ ಗೋಡೆನೇ ಸಾಕ್ಷಿ ಹೇಳುತ್ತೆ” ಎಂದಳು. ಆ ಪಟ್ಟಿಯ ಅರ್ಧ ಕರಿಸಿದ್ದಪ್ಪನದು, ಇನ್ನರ್ಧ ಅವನ ಹೆಂಡತಿ ಮಾರಮ್ಮನದು. ಆಕೆ ಈ ತರಗತಿ ಬರುವುದಕ್ಕೆ ಮೂರು ತಿಂಗಳ ಹಿಂದೆ ನಲ್ಲಿಯ ಹತ್ತಿರ ಬಿದ್ದು, ಸೊಂಟ ಮುರಿದು, ಹಾಸಿಗೆ ಹಿಡಿದು, ಹುಣ್ಣಾಗಿ ಸತ್ತಳು. ಮಾತಿನಲ್ಲಿ ಎಲ್ಲರೂ ‘ವಯಸ್ಸಾಗಿತ್ತು, ಹೋದಳು’ ಎಂದರು. ಆ ಶೂನ್ಯ ಹುಟ್ಟಿದ ನಿಮ್ಮ ಮನೆಮನೆ ಸಮೀಕ್ಷೆಯಲ್ಲಿ ಆಕೆ ಇಲ್ಲ. ಸತ್ತವರನ್ನು ಯಾರು ಕೇಳುತ್ತಾರೆ?

ಏಳು ತಿಂಗಳು ಆ ಹುಡುಗಿ ಬಂದಳು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಕುರ್ಚಿ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಇಟ್ಟಿಗೆ ದಾಟುವುದು. ನನ್ನ ಅಕ್ಕ ಈಶ್ವರಮ್ಮನಿಗೆ ಎಪ್ಪತ್ತನಾಲ್ಕು. ಪಕ್ಕದ ಮನೆಯಲ್ಲಿ ಮಗ ಆನಂದ್, ಸೊಸೆ ಮಾಯಾ ಜೊತೆ ಇದ್ದಾಳೆ. ಏಳು ಕುರಿಗಳ ಯಜಮಾನಿ. ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಏರದೆ ಎರಡು ವರ್ಷದಿಂದ ಕಡೂರಿನ ಮುಖ ನೋಡಿರಲಿಲ್ಲ. ಐದನೇ ತಿಂಗಳಲ್ಲಿ ಒಬ್ಬಳೇ ಬಸ್ ಹತ್ತಿ ಸಂತೆಗೆ ಹೋಗಿ ಬಂದಳು. ಬಂದವಳು ನೇರ ನನ್ನ ಹತ್ತಿರ ಬಂದು, “ಲೇ ಕಂಡಕ್ಟ್ರು, ಇವತ್ತು ಯಾರೂ ನನ್ ತೋಳು ಹಿಡ್ದು ಎಳೀಲಿಲ್ಲ ಕಣೋ” ಎಂದಳು. ಮಾತು ನನಗೇ ತಾಗಿತು. ಎಷ್ಟು ಅಜ್ಜಿಯರ ತೋಳು ಎಳೆದಿದ್ದೇನೆ! ಅವರು ಕೂರುವ ಮೊದಲೇ ಎಷ್ಟು ಸಲ ‘ರೈಟ್’ ಎಂದಿದ್ದೇನೆ! ನನ್ನ ಮೂವತ್ತೊಂದು ವರ್ಷದಲ್ಲಿ ನನ್ನ ಬಸ್ಸಿನೊಳಗೆ ಬಿದ್ದವರ ಸಂಖ್ಯೆಯೂ ದಾಖಲೆಯ ಪ್ರಕಾರ ಶೂನ್ಯ ಮಾನ್ಯರೇ. ಶೂನ್ಯ ಬರೆಯುವುದು ಹೇಗೆಂದು ನನಗೆ ನಿಮ್ಮಿಂದ ಕಲಿಯಬೇಕಾಗಿಲ್ಲ.

ಕೊನೆಯ ಗುರುವಾರ ದೀಪಶ್ರೀ ಹೇಳಿದ್ದು ಇದು: “ಬೀಳದೆ ಇರೋದು ಇಷ್ಟು ದಿನ ಕಲಿತ್ರಿ. ಮುಂದಿನ ವಾರ, ಬಿದ್ದರೆ ನೆಲದಿಂದ ಏಳೋದು ಹೇಗೆ ಅಂತ. ಅದೇ ಮುಖ್ಯ. ಯಾರೂ ತಪ್ಪಿಸ್ಬೇಡಿ.” ಯಾರೂ ತಪ್ಪಿಸಲಿಲ್ಲ. ತರಗತಿಗೆ ಬರುತ್ತಿದ್ದ ಇಪ್ಪತ್ತಾರೂ ಮಂದಿ ಭವನದ ಜಗಲಿಯ ಮೇಲೆ ಕಾದೆವು. ಬಸ್ ಬಂತು, ದೀಪಶ್ರೀ ಇಳಿಯಲಿಲ್ಲ. ಬಂದದ್ದು ಮೊಬೈಲಿಗೆ ನಿಮ್ಮ ಆದೇಶ.

ಅದಾಗಿ ಮೂರು ವಾರಕ್ಕೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಯಗಟಿಗೆ ಹೋಗಿದ್ದ ನಾನು ಮನೆಗೆ ಬಂದಾಗ, ಅಕ್ಕನ ಕುರಿಗಳು ಒಂದೇ ಸಮ ಅರಚುತ್ತಿರುವುದು ಕೇಳಿಸಿತು. ಏಳು ಗಂಟೆಗೇ ಹೊರಡಬೇಕಾದ ಕುರಿಗಳು. ಏಳಕ್ಕೆ ಮೊದಲೇ ಆನಂದ್ ಕಡೂರಿಗೆ ಕೆಲಸಕ್ಕೆ ಹೋಗಿದ್ದ, ಮಾಯಾ ಶಾಲೆಯ ಬಿಸಿಯೂಟದ ಅಡುಗೆಗೆ. ಹೋಗಿ ನೋಡಿದರೆ ದೊಡ್ಡಿಯೊಳಗೆ, ಗೊಬ್ಬರದ ಮೇಲೆ, ಅಕ್ಕ ಅಂಗಾತ ಬಿದ್ದಿದ್ದಾಳೆ. ನಾಲ್ಕು ಗಂಟೆ ಹಾಗೆಯೇ.

“ಏನ್ ನೋಡ್ತಾ ನಿಂತೆ, ಎತ್ತೋ. ಕುರಿ ಮುಂದೆ ಮಾನ ಹೋಯ್ತು.”

ತೋಳು ಹಿಡಿದು ಎಳೆದೆ. ಆಕೆ ಏಳಲಿಲ್ಲ, ನಾನೇ ಮಂಡಿಯೂರಿದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಕೊನೆಗೆ ದೀಪಶ್ರೀಗೆ ಫೋನ್ ಮಾಡಿದೆ. ಅವಳು ಅಂತರಘಟ್ಟೆ ಕಡೆಯ ತರಗತಿಯಲ್ಲಿ ಇದ್ದಳು.

“ಎಳೀಬೇಡಿ ಕಂಡಕ್ಟ್ರೇ, ಅದು ಬಸ್ಸಲ್ಲ. ಮೊದ್ಲು ಕೇಳಿ, ಸೊಂಟ, ತೊಡೆ ನೋಯ್ತಾ ಇದೆಯಾ? ಒಂದು ಕಾಲು ಗಿಡ್ಡ ಆದಂಗೆ, ಹೊರಕ್ಕೆ ತಿರುಗಿದಂಗೆ ಕಾಣುತ್ತಾ? ತಲೆಗೆ ಪೆಟ್ಟಾಗಿದೆಯಾ? ಇದ್ರೆ ಮುಟ್ಟಬೇಡಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿ.”

ಯಾವುದೂ ಇರಲಿಲ್ಲ. ಅಕ್ಕನಿಗೆ ಮುರಿದದ್ದು ಏನೂ ಇಲ್ಲ. ಏಳುವುದು ಹೇಗೆಂದು ಗೊತ್ತಿರಲಿಲ್ಲ, ಅಷ್ಟೇ. ದೀಪಶ್ರೀ ಫೋನಿನಲ್ಲೇ ಹೇಳಿದಳು, ನಾನು ಜೋರಾಗಿ ಒಪ್ಪಿಸಿದೆ: ಒಂದು ಮಗ್ಗುಲಿಗೆ ಹೊರಳು. ಮೊಣಕೈ ಊರು. ಅಂಬೆಗಾಲಿಗೆ ಬಾ. ಮುಂದೆ ಗಟ್ಟಿ ಕುರ್ಚಿ ಇಟ್ಟಿದ್ದೀನಿ, ಅದರ ಮೇಲೆ ಎರಡೂ ಕೈ. ಬಲ ಇರುವ ಕಾಲು ಮುಂದೆ. ಈಗ ಒತ್ತಿ ಏಳು. ಎದ್ದಳು ಸ್ವಾಮಿ! ಐದು ನಿಮಿಷದಲ್ಲಿ ಎದ್ದಳು. ಕುರ್ಚಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ಅಂದದ್ದು, “ಇಷ್ಟೇನಾ? ಇದಕ್ಕಾ ನಾಕ್ ಗಂಟೆ ಬಿದ್ದಿದ್ದೆ? ಆ ಗುರುವಾರ ಒಂದು ಬಂದಿದ್ರೆ ಆಗಿತ್ತಲ್ಲೋ.”

ಐದು ನಿಮಿಷದ ಪಾಠ. ನೀವು ರದ್ದು ಮಾಡಿದ ಪಾಠ.

ನನಗೆ ರೋಷ ಉಕ್ಕಿತು. ಸಮೀಕ್ಷೆ ಮಾಡಿದ್ದ ಅಕ್ಷತಾಳ ಮನೆಗೆ ನುಗ್ಗಿದೆ. ನಮ್ಮೂರಿನದೇ ಹೆಣ್ಣುಮಗಳು, ಮೊಬೈಲಿನಲ್ಲಿ ಮನೆಮನೆಯ ವಿವರ ತುಂಬುವ ಕೆಲಸ. “ಮನೇಲಿ ಕೂತು ಇಲ್ಲ ಇಲ್ಲ ಅಂತ ಒತ್ತಿ ಕಳ್ಸಿದೀಯಾ? ಯಾರು ಹೇಳ್ಕೊಟ್ರು ನಿಂಗೆ?” ಎಂದು ಬೀದಿಗೆ ಕೇಳುವಂತೆ ಕೂಗಿದೆ. ಆ ಹುಡುಗಿ ಕೂಗಲಿಲ್ಲ. ಮೊಬೈಲ್ ತೆಗೆದು ನನ್ನ ಮುಖಕ್ಕೆ ಹಿಡಿದಳು.

“ಮೂವತ್ನಾಕು ಮಂದಿ ಹತ್ರಾನೂ ಹೋಗಿದೀನಿ ಮಾವ. ಕ್ರಮಸಂಖ್ಯೆ ಹತ್ತೊಂಬತ್ತು ಓದಿ. ಯಾರ ಹೆಸ್ರು ಅದು? ‘ಬಿದ್ದಿದ್ದೀರಾ’ ಅಂತ ಕೇಳ್ದೆ. ‘ನಾನಾ? ಓಡೋ ಬಸ್ಸಲ್ಲಿ ಕಂಬಿ ಹಿಡೀದೆ ಟಿಕೆಟ್ ಹರ್ದೋನು ನಾನು, ಹೋಗ್ ಹೋಗು’ ಅಂದಿದ್ದು ಯಾರು?”

ನಾನೇ.

ಮಾನ್ಯರೇ, ಎಲ್ಲರನ್ನೂ ಅನುಮಾನಿಸಿದ್ದೆ. ನಿಮ್ಮನ್ನು, ದೀಪಶ್ರೀಯನ್ನು, ಅಕ್ಷತಾಳನ್ನು. ಬಿಟ್ಟದ್ದು ನಮ್ಮನ್ನೇ. ಬಿದ್ದವರೆಲ್ಲ ನಾವು ಸುಳ್ಳು ಹೇಳಿದ್ದೆವು. ಯಾಕೆ ಹೇಳಿದೆವು ಎಂದು ನೀವು ಕೇಳಬೇಕಿತ್ತು, ಕೇಳಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ, ನಿಮ್ಮ ಪ್ರಶ್ನೆಯನ್ನು ಮಗ ಸೊಸೆಯ ಎದುರಿಗೆ ಕೇಳಿಸಿದಿರಿ. ಬಿದ್ದೆ ಎಂದು ಬಾಯಿಬಿಟ್ಟ ಮುದುಕಿಗೆ ಆ ದಿನವೇ ಹೊರಗೆ ಹೋಗಬೇಡ ಎಂಬ ಆಜ್ಞೆ. ಬಾವಿಕಟ್ಟೆ ಇಲ್ಲ, ಬಸ್ ಇಲ್ಲ, ಕುರಿ ಇಲ್ಲ. ಪ್ರೀತಿಯಿಂದಲೇ ಕೂಡಿಹಾಕುತ್ತಾರೆ. ಕೂತು ಕೂತು ಕಾಲು ಇನ್ನಷ್ಟು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ. ಬಿದ್ದವನು ಗಂಡಸಾದರೆ ಮೊದಲ ಪ್ರಶ್ನೆ ‘ಕುಡಿದಿದ್ನಾ?’ ಇಂಥ ಕಡೆ ನಿಜ ಹೇಳಲು ನಮಗೇನು ಹುಚ್ಚೇ? ನಾವು ಹೆದರಿ ಸುಳ್ಳು ಹೇಳಿದೆವು. ನಿಮಗೆ ಯಾವ ಹೆದರಿಕೆ ಇತ್ತು? ಆ ಸುಳ್ಳು ನಿಮಗೆ ಅನುಕೂಲವಾಗಿತ್ತು, ನಂಬಿಬಿಟ್ಟಿರಿ. ನಮ್ಮ ತಪ್ಪಿಗೂ ನಿಮ್ಮ ತಪ್ಪಿಗೂ ಇರುವ ವ್ಯತ್ಯಾಸ ಅದು.

ಅಕ್ಕನೂ ಆ ದಿನ ನನ್ನ ಕೈ ಹಿಡಿದು, “ಆನಂದಂಗೆ ಹೇಳ್ಬೇಡ ಕಣೋ, ಕುರಿ ಮಾರ್ಬಿಡ್ತಾನೆ” ಎಂದಿದ್ದಳು. ಈ ಪತ್ರ ಬರೆಯುತ್ತೇನೆ ಎಂದಾಗ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮೂರನೇ ದಿನ ಬಂದು ನಮ್ಮ ಹೊಸಿಲ ಮೇಲೆ ಕೂತು ನಡುಮನೆಯ ಗೋಡೆಯನ್ನೇ ನೋಡಿದಳು.

“ಬರಿ. ನನ್ ಹೆಸ್ರು ಹಾಕೇ ಬರಿ. ಆನಂದಂಗೆ ನಾನೇ ಹೇಳ್ತೀನಿ. ಆದ್ರೆ ನಿಂದೂ ಬರೀಬೇಕು.”

“ನಂದೇನಿದೆ?”

“ನಿನ್ ಗೋಡೆ ನೋಡ್ಕಂಡಿದೀಯೇನೋ, ಊರೋರ ಗೋಡೆ ನೋಡ್ಕಂಡು ತಿರ್ಗೋನೇ?”

ಎದೆ ಮಟ್ಟದಲ್ಲಿ ಕಪ್ಪು ಪಟ್ಟಿ. ಸುಣ್ಣ ಬಳಿದವನ ಕಳ್ಳ ಕೆಲಸ ಎಂದು ಅವನನ್ನು ಆರು ತಿಂಗಳಿಂದ ಬೈಯುತ್ತಿದ್ದೇನೆ.

ಮಾತಿನಂತೆ ಅಕ್ಕ ಮಗನಿಗೆ ಹೇಳಿದಳು. ಆನಂದ್ ದೊಡ್ಡಿಗೆ ಹೋಗಿ ಅವಳು ಬಿದ್ದ ಜಾಗ ನೋಡಿ ಬಂದ. ಆಮೇಲೆ, “ಆ ಮೇಡಂ ಮತ್ತೆ ಬಂದು ಏಳೋದು ಕಲ್ಸಿದ್ರೆ ಕುರಿ ಇರ್ಲಿ. ಇಲ್ದಿದ್ರೆ ಯುಗಾದಿ ಕಳದ್ಮೇಲೆ ಮಾರ್ತೀನಿ ಕಣವ್ವ, ನಂಗೆ ಭಯ ಆಗುತ್ತೆ” ಎಂದ. ಅವನ ಭಯವೂ ಸುಳ್ಳಲ್ಲ. ಅಕ್ಕ ಏಳು ಕುರಿಗಳನ್ನೂ ಒಂದೊಂದಾಗಿ ನೋಡಿದಳು. ಯುಗಾದಿಗೆ ಇನ್ನು ಐದು ಗುರುವಾರ ಇವೆ. ನೀವೂ ಎಣಿಸಿಕೊಳ್ಳಿ.

ಆದ್ದರಿಂದ ನಮ್ಮ ಹಕ್ಕೊತ್ತಾಯ. ಬರುವ ಗುರುವಾರವೇ ದೀಪಶ್ರೀಯನ್ನು ನಮ್ಮೂರಿಗೆ ಕಳಿಸಿ. ಅಂತರಘಟ್ಟೆ ಕಡೆಯವರಿಂದ ಕಿತ್ತು ಕಳಿಸಬೇಡಿ, ಅವರೂ ನಮ್ಮಂಥವರೇ. ಇನ್ನೊಬ್ಬರನ್ನು ನೇಮಿಸಿ, ಇಬ್ಬರಿಗೂ ದಿನ ಹಂಚಿ. ಸಮೀಕ್ಷೆಯನ್ನು ಮತ್ತೆ ಮಾಡಿಸಿ. ಈ ಸಲ ಮುದುಕರನ್ನು ಒಳಗೆ ಕೂರಿಸಿ, ಒಬ್ಬೊಬ್ಬರನ್ನೇ ಕೇಳಿ, ನಂಬುವ ಮೊದಲು ಗೋಡೆ ನೋಡಿ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬೇಡ. ಅದು ಬಂದರೆ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಧರಣಿ ಕೂರುತ್ತೇವೆ. ಕೂತಲ್ಲಿಂದ ನಮ್ಮನ್ನು ಏಳಿಸುವುದು ಹೇಗೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ? ಗೊತ್ತಿದ್ದ ಒಬ್ಬಳನ್ನು ನೀವು ಬೇರೆ ಕಡೆ ಕಳಿಸಿದ್ದೀರಿ.

ಪತ್ರದ ಜೊತೆ ಒಂದು ಪಟ್ಟಿ ಇದೆ. ಭವನದ ಜಗಲಿಯಲ್ಲಿ ಕೂತು, ಒಬ್ಬರ ಎದುರು ಒಬ್ಬರು ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಒತ್ತಿದ್ದು. ಈ ಒಂದು ವರ್ಷದಲ್ಲಿ ಬಿದ್ದವರು ಇಪ್ಪತ್ತೊಂದು ಮಂದಿ. ಈಶ್ವರಮ್ಮ, ಕುರಿದೊಡ್ಡಿಯಲ್ಲಿ, ನಾಲ್ಕು ಗಂಟೆ. ಕರಿಸಿದ್ದಪ್ಪ, ಹೆಂಡತಿ ಬಿದ್ದ ಅದೇ ನಲ್ಲಿಯ ಹತ್ತಿರ, ಎರಡು ಸಲ. ಕೊನೆಯ ಹೆಸರು ನನ್ನದು. ಕಡೂರು ಬಸ್ ನಿಲ್ದಾಣದಲ್ಲಿ, ನಿಂತಿದ್ದ ಬಸ್ಸಿನಿಂದ ಇಳಿಯುವಾಗ ಬಿದ್ದೆ. ಜನ ಸೇರಿದರು. ಕನ್ನಡಕ ಹುಡುಕುತ್ತಿದ್ದೇನೆ ಎಂದು ನೆಲ ತಡಕಿದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಇಂತಿ, ನಿಮ್ಮ ಕಡತದಲ್ಲಿ ಇನ್ನೂ ನೆಟ್ಟಗೆ ನಿಂತಿರುವ
ಗಿಡ್ಡಪ್ಪ, ನಿವೃತ್ತ ಕಂಡಕ್ಟರ್
ಸಮೀಕ್ಷೆಯ ಕ್ರಮಸಂಖ್ಯೆ ಹತ್ತೊಂಬತ್ತು
(‘ಇಲ್ಲ’ ಎಂದಿರುವುದನ್ನು ‘ಹೌದು’ ಎಂದು ತಿದ್ದಿಕೊಳ್ಳುವುದು)