ಗಂಟೆ ಕಟ್ಟದ ಮಂದೆ

ಓರ್ಲಿತ್ಸಾ, ರೊದೋಪಿ ಬೆಟ್ಟ
29 ಅಕ್ಟೋಬರ್ 2019, ಮಂಗಳವಾರ

ಮುದ್ದು ನೆವೆನಾ,

'ಒಂಬತ್ತು ಕಣಿವೆಗಳ ಗಾಥೆ' ಸಿನಿಮಾದಲ್ಲಿ ಡ್ರಾಗನ್ ಹಾರುತ್ತದಲ್ಲ, ಅದಕ್ಕೆ ಹಾರೋದು ಕಲಿಸಿದವನು ನಿನ್ನ ಈ ದೊಡ್ಡಪ್ಪ ಮಾನೋಲನೇ. ಮೊದಮೊದಲು ಅದಕ್ಕೆ ಕೋಳಿ ಬೇಲಿ ಹಾರುವಷ್ಟು ಮಾತ್ರ ಬರುತ್ತಿತ್ತು. ನಾನು ಬೆಟ್ಟದ ತುದಿಯಲ್ಲಿ ನಿಂತು ಎರಡೂ ಕೈ ಬೀಸಿ ತೋರಿಸಿದ ಮೇಲೇ ರೆಕ್ಕೆ ಸರಿಯಾಗಿ ಬಿಚ್ಚಿತು. ನಂಬದಿದ್ದರೆ ಬಿಡು, ನಿನ್ನ ದೊಡ್ಡಮ್ಮ ರುಸಾ ಕೂಡ ನಂಬುವುದಿಲ್ಲ. ಮದುವೆಯಾದಾಗಿನಿಂದ ಅವಳು ನನ್ನ ಮಾತಿನಲ್ಲಿ ಮುಕ್ಕಾಲು ಸೋಸಿ ಉಳಿದದ್ದನ್ನೇ ಬಳಸುವುದು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡಮಾಡಿದೆ ಅಂತ ಬೈಯಬೇಡ. ಸಂತ ದಿಮಿತರನ ಹಬ್ಬದೊಳಗೆ ಮಂದೆ ಮೇಲಿನ ಹುಲ್ಲುಗಾವಲಿಂದ ಇಳಿದು ಕೊಟ್ಟಿಗೆ ಸೇರಬೇಕು. ಅದಾದ ಮೇಲೆ ಆಲೂಗಡ್ಡೆ ಅಗೆತ. ಅದಾದ ಮೇಲೆ ಕನ್ನಡಕ ಕಳೆದುಹೋಯಿತು. ರುಸಾ ಅದನ್ನು ಮೊಸರಿನ ಮಡಕೆಯ ಹಿಂದಿನಿಂದ ಹುಡುಕಿ ತೆಗೆದಳು. ಅಲ್ಲಿ ಅಡಗಿಸಿಟ್ಟವನು ನಾನೇ ಅಂತ ಅವಳಿಗೆ ಗೊತ್ತು. ಕನ್ನಡಕ ಮೂಗಿನ ಮೇಲಿಟ್ಟು, "ಈಗಾದರೂ ಬರೀರಿ. ಹುಡುಗಿ ಕಾಯ್ತಾ ಇರ್ತಾಳೆ" ಅಂದಳು.

ಫೋನಿನಲ್ಲಿ ಬೇಡ, ಕೈಬರಹದಲ್ಲಿ ಸಹಿ ಹಾಕಿ ಕಳಿಸು ಅಂತ ಕೇಳಿದ್ದೀಯ. ಮುಂದಿನ ವಾರ ಪ್ಲೊವ್ದಿವ್‌ನಲ್ಲಿ ಗಾಥೆಯ ಹುಚ್ಚರೆಲ್ಲ ಸೇರುತ್ತಾರೆ, ವೇದಿಕೆಯ ಮೇಲೆ ನಿನಗೂ ಸೋಫಿಯಾದ ರಾದೊಸ್ವೆತನಿಗೂ ವಾದ. ಅಲ್ಲಿ ನನ್ನ ಕಾಗದವನ್ನು ಓದಿ ತೋರಿಸಬೇಕು. ಸರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕಾಗದವನ್ನು ಅಷ್ಟು ಜನರ ಮುಂದೆ ಓದುತ್ತಾರೆ ಅಂದರೆ, ನನ್ನ ಕಿವಿ ಹಿಂಡುತ್ತಿದ್ದ ಮೇಷ್ಟ್ರು ಗೋರಿಯಲ್ಲೇ ಎದ್ದು ಕೂರುತ್ತಾರೆ.

ನಿನ್ನ ವಾದ ನನಗೆ ತಿಳಿದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೋ. ಗಾಥೆಯ ಮುದಿರಾಜ ಓರ್ವಾನ್ ಎರಡನೆಯ ಭಾಗದಿಂದ ಕಬ್ಬಿಣದ ಮುಖವಾಡ ಹಾಕಿಕೊಂಡು ಸಿಂಹಾಸನದ ಮೇಲೆ ಕೂತಿದ್ದಾನೆ. ಅವನಿಗೆ ಕುಷ್ಠ ಅಂತ ಲೋಕವೆಲ್ಲ ನಂಬಿದೆ. ನೀನೊಬ್ಬಳು ಮಾತ್ರ ಬೇರೆ ಹೇಳುತ್ತೀ. ರಾಜ ದೂರದ ಯುದ್ಧದಲ್ಲಿ ಎಂದೋ ಸತ್ತ, ಹೆಣ ಊರಿಗೆ ಬರಲೇ ಇಲ್ಲ, ರಾಣಿ ಸುದ್ದಿಯನ್ನು ಮುಚ್ಚಿಟ್ಟು ಮುಖವಾಡದೊಳಗೆ ಇನ್ಯಾರನ್ನೋ ಕೂರಿಸಿದ್ದಾಳೆ ಅಂತ. ಇದಕ್ಕೆ ನಿನ್ನ ಸಾಕ್ಷಿ ಒಂದೇ: ಕೋಟೆಯ ಕೆಳಗೆ ಹಾದುಹೋಗುವ ಕುರಿಮಂದೆ. ಮೊದಲ ಭಾಗದಲ್ಲಿ ಆ ಮಂದೆ ಇಡೀ ಕಣಿವೆ ಮೊಳಗುವ ಹಾಗೆ ಗಂಟೆ ಆಡಿಸುತ್ತಾ ಹೋಗುತ್ತದೆ. ಎರಡನೆಯ ಭಾಗದಲ್ಲಿ ಅವೇ ಕುರಿ, ಅದೇ ದಾರಿ, ಒಂದು ಗಂಟೆಯೂ ಇಲ್ಲ. ಗೊರಸಿನ ಸದ್ದು, ಗಾಳಿ, ಅಷ್ಟೆ. "ಅರಮನೆ ಮುಚ್ಚಿಟ್ಟದ್ದನ್ನು ಕುರಿಗಾಹಿ ಮುಚ್ಚಿಡಲಿಲ್ಲ" ಅಂತ ನೀನು ಹೇಳಿದ್ದನ್ನು ನಾನು ಗೊಚೊನ ಹೋಟೆಲಿನ ಟೀವಿಯಲ್ಲಿ ಕೇಳಿದೆ. ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು.

ರಾದೊಸ್ವೆತ ಅದಕ್ಕೆ ಏನೆಂದ ಅನ್ನುವುದನ್ನೂ ಕೇಳಿದೆ. "ಸದ್ದು ಹಿಡಿಯೋನು ಮೈಕು ಹಾಕೋದು ಮರೆತಿದ್ದಾನೆ, ಇನ್ನೇನಿಲ್ಲ. ಈ ಹುಡುಗಿ ಕುರಿ ಹಿಕ್ಕೆಯಲ್ಲೂ ಭವಿಷ್ಯ ಓದ್ತಾಳೆ" ಅಂದ ಆ ಜಾಣ. ಜನ ನಕ್ಕರು. ನೀನು ನಗಲಿಲ್ಲ, ಅಳಲೂ ಇಲ್ಲ. ನೀರು ಕುಡಿದು, "ಆ ಮಂದೆ ಯಾರದ್ದು ಅಂತ ನನಗೆ ಗೊತ್ತು, ಕೇಳಿಕೊಂಡು ಬರ್ತೀನಿ" ಅಂದೆ. ಹೋಟೆಲಿನಲ್ಲಿದ್ದ ಅಷ್ಟೂ ಜನ ನನ್ನ ಕಡೆ ತಿರುಗಿದರು. ನಾನು ಮೀಸೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುವಿಕೊಂಡೆ. ಗೊಚೊ ಮಾತ್ರ ತಲೆ ಕೆರೆದುಕೊಂಡು, "ಮಾನೋಲಾ, ಈ ಹುಡುಗಿ ನಿಮ್ಮ ವಂಶದವಳು ಅಂತ ನಂಬೋದು ಕಷ್ಟ ಕಣೋ. ಬಾಯಿಂದ ಬರೋದರಲ್ಲಿ ಅರ್ಥ ಇದೆಯಲ್ಲ" ಅಂದ. ಅವತ್ತು ಕುಡಿದ ರಾಕಿಯಾದ ದುಡ್ಡನ್ನು ಅವನಿಗೆ ನಾನಿನ್ನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಇಲ್ಲಿ ಊರಿಗೆ ಊರೇ ಪಂಡಿತರಿಂದ ತುಂಬಿಹೋಗಿದೆ, ತಿಳಿದಿರಲಿ. ಬಸ್ಸುಗಳಲ್ಲಿ ಬರುವವರು ಹಳೆಯ ಗಿರಣಿಯ ಗೋಡೆಯ ಮೇಲಿನ ಬಿಳಿ ಉಂಗುರದ ಮುಂದೆ ಮೊಣಕಾಲೂರುತ್ತಾರೆ. ಅದು ಕಳೆದುಹೋದ ರಾಜಕುಮಾರಿ ಗುಟ್ಟಾಗಿ ಬಿಟ್ಟ ಗುರುತಂತೆ. ಸುಣ್ಣ ಬಳಿಯುವಾಗ ಗೊಚೊ ಬಕೆಟ್ಟನ್ನು ಗೋಡೆಗೆ ಒತ್ತಿ ಬಿಟ್ಟ ಗುರುತು ಅದು. ಹೇಳಲು ಹೋದರೆ ಅವರಿಗೆ ಬೇಜಾರಾಗುತ್ತದೆ. ಹಾಗಾಗಿ ನಾನು ಒಂದೊಂದು ಬಸ್ಸಿಗೆ ಒಂದೊಂದು ರಹಸ್ಯ ಹೇಳುತ್ತೇನೆ. ಜರ್ಮನಿಯ ಗಂಡಹೆಂಡತಿ ಇಬ್ಬರಿಗೆ, ಅಮಾವಾಸ್ಯೆಯ ಮುಂಜಾನೆ ಆ ಉಂಗುರಕ್ಕೆ ಕಿವಿಯಿಟ್ಟರೆ ಸಮುದ್ರ ಕೇಳಿಸುತ್ತದೆ ಅಂದೆ. ಕಿವಿಯಿಟ್ಟರು. ಕೇಳಿಸಿತು ಅಂದರು. ಹೆಂಗಸು ಅತ್ತೇಬಿಟ್ಟಳು. ನನಗೂ ಒಂದು ಕ್ಷಣ ಅನುಮಾನವಾಗಿ, ಅವರು ಹೋದ ಮೇಲೆ ನಾನೂ ಕಿವಿಯಿಟ್ಟು ನೋಡಿದೆ. ಗಿರಣಿಯೊಳಗೆ ಇಲಿ ಓಡಾಡುತ್ತಿತ್ತು.

ಆದರೆ ನಿನ್ನ ಪ್ರಶ್ನೆ ಬಸ್ಸಿನವರ ಪ್ರಶ್ನೆಯಲ್ಲ. ಅದಕ್ಕೆ ಸುಳ್ಳು ಸಲ್ಲದು. ಇಲ್ಲಿಂದ ಮುಂದೆ ನಾನು ಬರೆಯುವುದನ್ನು ನಿಧಾನವಾಗಿ, ರಾದೊಸ್ವೆತನ ಮುಖ ನೋಡಿಕೊಂಡು ಓದು.

ಓರ್ಲಿತ್ಸಾದ ಕುರಿಗಾಹಿಯಾದ ನಾನು, ಮಾನೋಲ್, ಹೇಳುವುದೇನೆಂದರೆ: ಗಾಥೆಯ ಎರಡೂ ಭಾಗಗಳಲ್ಲಿ ಕಾಣುವ ಮಂದೆ ನನ್ನದು. ಗಂಟೆಗಳು ನನ್ನ ಅಜ್ಜನ ಕಾಲದವು. ಒಂದಕ್ಕೊಂದು ಸ್ವರ ಕೂಡಿಸಿ ಎರಕ ಹೊಯ್ದವು. ಅವನ್ನು ಕೇಳಿದರೆ ಈ ಬೆಟ್ಟದಲ್ಲಿ ಯಾರಾದರೂ ಸರಿಯೇ, ಮಂಜಿನಲ್ಲೂ "ಮಾನೋಲನ ಮಂದೆ ಬಂತು" ಅಂತ ಹೇಳುತ್ತಾರೆ. ಎರಡನೆಯ ಭಾಗದ ಹೊತ್ತಿಗೆ ಆ ಗಂಟೆಗಳನ್ನು ಬಿಚ್ಚಿ ಮನೆಯ ಅಟ್ಟದಲ್ಲಿ, ಉಣ್ಣೆಯಲ್ಲಿ ಸುತ್ತಿ ಇಟ್ಟಿದ್ದೆ. ಮೈಕು ಕೆಟ್ಟಿರಲಿಲ್ಲ, ಯಾರೂ ಮರೆತಿರಲಿಲ್ಲ. ಬಿಚ್ಚು ಅಂತ ನನಗೆ ಯಾರೂ ಹೇಳಿರಲೂ ಇಲ್ಲ. ಮನೆಯಲ್ಲಿ ಸಾವಾದರೆ ಮಂದೆಯ ಗಂಟೆ ಬಿಚ್ಚುವುದು ನಮ್ಮ ಪದ್ಧತಿ. ಮತ್ತೆ ಕಟ್ಟುವುದು ಬರುವ ವರ್ಷ ಮೇ ತಿಂಗಳಲ್ಲಿ, ಸಂತ ಗಿಯೋರ್ಗಿಯ ಹಬ್ಬಕ್ಕೇ.

ಮೂರು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಸಿನಿಮಾದವರು ಎರಡನೆಯ ಸಲ ಬಂದರು. ಡ್ರಾಗನ್ ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಹಸಿರು ಚೆಂಡು. ಅದನ್ನು ನೋಡಿ ದೊಡ್ಡ ದೊಡ್ಡ ಗಂಡಸರು ಕಿರುಚಿ ನೆಲಕ್ಕೆ ಬೀಳುತ್ತಿದ್ದರು. ನನ್ನ ನಾಯಿ ಮಾತ್ರ ಹೆದರದೆ ಹೋಗಿ ಅದನ್ನು ಮೂಸಿತು. ಆಮೇಲೆ ಮಂದೆಯ ಸರದಿ ಬಂತು. ನಿರ್ದೇಶಕಿ, ಕೆಂಪು ಟೋಪಿಯ ಹೆಂಗಸು, ಕಿವಿಗೆ ಕೈ ಹಿಡಿದು ನೋಡಿದಳು. ದುಭಾಷಿ ಹುಡುಗಿಯನ್ನು ನನ್ನ ಹತ್ತಿರ ಕಳಿಸಿದಳು.

"ಗಂಟೆ ಎಲ್ಲಿ ಅಂತ ಕೇಳ್ತಿದ್ದಾರೆ."

"ಅಟ್ಟದಲ್ಲಿ."

"ಕಟ್ಟಬೇಕಂತೆ. ಬೆಳಕು ಹೋಗ್ತಾ ಇದೆ."

"ಆಗಲ್ಲಮ್ಮ. ಮನೆಯಲ್ಲಿ ಸಾವಾಗಿದೆ."

ಹುಡುಗಿ ಹೋಗಿ ಹೇಳಿದಳು. ಲೆಕ್ಕ ನೋಡುವ ಮ್ಯಾನೇಜರು ಒಪ್ಪಂದದ ಹಾಳೆ ಹಿಡಿದುಕೊಂಡು ಕೆಂಪಗಾದ. ನಿರ್ದೇಶಕಿ ಅವನ ಮಾತನ್ನು ಕೇಳಿದಳೋ ಇಲ್ಲವೋ, ಮಂದೆಯನ್ನೇ ನೋಡುತ್ತಾ ನಿಂತಳು. ಕೊನೆಗೆ ಕೈ ಬೀಸಿ, ಹೀಗೇ ಹೋಗಲಿ ಅಂದಳು. ನಾನು ಸಿಳ್ಳೆ ಹಾಕಲಿಲ್ಲ, ನಾಯಿಯೂ ಬೊಗಳಲಿಲ್ಲ. ಕುರಿಗಳು ಕೋಟೆಯ ಕೆಳಗೆ ಹಾದುಹೋದವು. ಅದುವರೆಗೆ ಕಾಫಿ ಕುಡಿಯುತ್ತಾ ಹರಟುತ್ತಿದ್ದ ಕತ್ತಿವೀರರೆಲ್ಲ ತಾವಾಗಿಯೇ ಶಿರಸ್ತ್ರಾಣ ತೆಗೆದು ಕೈಯಲ್ಲಿ ಹಿಡಿದರು. ಹಾಗೆ ಮಾಡು ಅಂತ ಅವರಿಗೂ ಯಾರೂ ಹೇಳಿರಲಿಲ್ಲ. ಆ ಚಿತ್ರದಲ್ಲಿ ಅವರು ಬರಿದಲೆಯಲ್ಲಿ ನಿಂತಿದ್ದಾರೆ, ಇನ್ನೊಮ್ಮೆ ನೋಡು.

ಆಮೇಲೆ ಅವರು ತಮ್ಮ ಊರಿಗೆ ಹೋಗಿ ಯಾವುದೋ ಡಬ್ಬಿಯಿಂದ ಗಂಟೆಯ ಸದ್ದು ತೆಗೆದು ಸುರಿಯಬಹುದಿತ್ತು. ಸುರಿಯಲಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ, ಗೊತ್ತು ಅಂತ ಹೇಳಿ ನಿನ್ನ ವಾದವನ್ನು ಕೆಡಿಸುವುದೂ ಇಲ್ಲ. ಬಿಚ್ಚಿದವನು ನಾನು, ಹಾಗೇ ಬಿಟ್ಟವಳು ಆಕೆ, ಓದಿದವಳು ನೀನು. ಮೂವರಲ್ಲಿ ಒಬ್ಬರ ಮನಸ್ಸೂ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಆ ಪದ್ಧತಿಯನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವಾರ್ನಾದ ಕಡಲ ದಂಡೆಯಲ್ಲಿ ಬೆಳೆದವಳು ನೀನು, ಬೇಸಿಗೆಯ ರಜೆಯಲ್ಲಷ್ಟೇ ಇಲ್ಲಿಗೆ ಬರುತ್ತಿದ್ದವಳು. ಆದರೂ ಗಂಟೆಯಿಲ್ಲದ ಮಂದೆ ಕಂಡೊಡನೆ, ಇಲ್ಲಿ ಯಾರೋ ಸತ್ತಿದ್ದಾರೆ ಅಂದೆ. ಲಕ್ಷಾಂತರ ಜನ ಡ್ರಾಗನ್ ನೋಡುತ್ತಿದ್ದಾಗ ನೀನೊಬ್ಬಳು ಕುರಿಯ ಕೊರಳು ನೋಡಿದೆ. ಇದನ್ನು ಬರೆಯುವಾಗ ನನ್ನ ಎದೆ ಕೊಟ್ಟಿಗೆಯ ಬಾಗಿಲಷ್ಟು ಅಗಲವಾಗಿದೆ. ಇದರಲ್ಲಿ ಮಾತ್ರ ರುಸಾಗೂ ಸೋಸಿ ಬಿಸಾಡಲು ಏನೂ ಸಿಗುವುದಿಲ್ಲ.

ಸತ್ತವರು ಯಾರು ಅಂತ ರಾದೊಸ್ವೆತ ಕೇಳಿದರೆ, ರಾಜ ಅಂತ ಹೇಳು.

ದುಡ್ಡಿನ ವಿಷಯ ಕೇಳಿದರೆ, ಕಂಪನಿಯವರು ನಮ್ಮ ದೊಡ್ಡಪ್ಪನಿಗೆ ಒಂದು ಸ್ತೊತಿಂಕಾ ಕಾಸನ್ನೂ ಕಡಿಮೆ ಮಾಡದೆ ಚೀಲದಲ್ಲಿ ತುಂಬಿ ಕೊಟ್ಟರು, ಹೊರಲಾರದೆ ಕತ್ತೆ ತರಿಸಬೇಕಾಯಿತು ಅಂತ ಹೇಳು.

ರುಸಾ ನಿನಗಾಗಿ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ, ಈ ಕಾಗದದ ಜೊತೆಗೇ ಬರುತ್ತದೆ. ವೇದಿಕೆಯ ಮೇಲೆ ಹಾಕಿಕೊಳ್ಳಬೇಕಂತೆ, ಕಾಲು ಬೆಚ್ಚಗಿದ್ದರೆ ಮಾತು ನಡುಗುವುದಿಲ್ಲವಂತೆ. ನಿನ್ನ ಮಾತು ನಮ್ಮ ಬೆಟ್ಟದ ತೊರೆಯ ಹಾಗೆ ಕಲ್ಲು ಸಿಕ್ಕಲ್ಲಿ ಇನ್ನಷ್ಟು ಮೊಳಗಲಿ. ನಿನ್ನ ಮೇಲೆ ನಗುವವರ ಹಲ್ಲು ಗಟ್ಟಿಯಾಗಿರಲಿ, ಯಾಕೆಂದರೆ ಅವರು ಆಡಿದ ಮಾತನ್ನು ಅವರೇ ಅಗಿದು ನುಂಗಬೇಕಾಗುತ್ತದೆ. ದೇವರ ತಾಯಿ ನಿನ್ನನ್ನು ಕಾಯಲಿ.

ನಿನ್ನ ದೊಡ್ಡಪ್ಪ,
ಮಾನೋಲ್
(ಡ್ರಾಗನ್ ಗುರು, ಓರ್ಲಿತ್ಸಾ)

— — — — — — — — —

ಮರೆತ ಮಾತು: ಮೇಲೆ ಗೆರೆ ಎಳೆದಿದ್ದೇನೆ, ಅಲ್ಲಿಗೆ ಕತ್ತರಿಸು. ಗೆರೆಯ ಮೇಲಿನದು ಪ್ಲೊವ್ದಿವ್‌ಗೆ. ಕೆಳಗಿನದು ನಿನಗೊಬ್ಬಳಿಗೆ.

ಆ ವರ್ಷ ಗಿಯೋರ್ಗಿಯ ಹಬ್ಬಕ್ಕೆ ಗಂಟೆ ಕಟ್ಟಿ ಇನ್ನೂ ಹತ್ತು ದಿನ ಆಗಿರಲಿಲ್ಲ, ನಿಮ್ಮಪ್ಪನ ಹಡಗಿನವರು ಫೋನು ಮಾಡಿದರು. ಯಾವುದೋ ಬಂದರಿನಲ್ಲಿ ಎದೆ ಹಿಡಿದುಕೊಂಡು ಬಿದ್ದನಂತೆ, ಅಲ್ಲೇ ಮಣ್ಣು ಮಾಡಿದರಂತೆ. ಹೆಣ ಮನೆಯಿಂದ ಹೊರಟಾಗ ಚರ್ಚಿನ ಗಂಟೆ ಹೊಡೆಯಬೇಕು. ಹೊರಡಲು ಹೆಣವೇ ಇಲ್ಲದಿದ್ದರೆ ಪಾದ್ರಿ ತಾನೇ ಏನು ಮಾಡಿಯಾನು? ನಾನು ಮೇಲಿನ ಹುಲ್ಲುಗಾವಲಿಗೆ ಹೋದೆ. ಒಂದೊಂದೇ ಕುರಿಯನ್ನು ಹಿಡಿದು, ಒಂದೊಂದೇ ಗಂಟೆ ಬಿಚ್ಚಿದೆ. ಚಿಕ್ಕವನಿದ್ದಾಗ ನಿಮ್ಮಪ್ಪ ಆಸೆನ್ ಯಾವ ಗಂಟೆಯನ್ನು ಯಾವ ಕುರಿಗೆ ಕಟ್ಟಬೇಕು ಅಂತ ನನ್ನ ಜೊತೆ ಜಗಳವಾಡುತ್ತಿದ್ದ. ಅವತ್ತು ಜಗಳಕ್ಕೆ ಯಾರೂ ಇರಲಿಲ್ಲ.

ಜುಲೈಯಲ್ಲಿ ನೀನು ಬಂದೆ. ಊಟದ ಮೇಜಿನಲ್ಲಿ ನನ್ನನ್ನು ನೋಡಿ, "ನಮ್ಮಪ್ಪ ಹುಟ್ಟಿದ ಊರಲ್ಲಿ ಅವನಿಗೋಸ್ಕರ ಒಂದು ಗಂಟೆಯೂ ಅಲುಗಲಿಲ್ಲವಂತೆ, ಹೌದಾ ದೊಡ್ಡಪ್ಪ?" ಅಂದೆ. ಸದಾ ಬಡಬಡಿಸುವ ನಾನು ರೊಟ್ಟಿ ಮುರಿಯುತ್ತಾ ಕೂತೆ. ಬಾಯಿ ತೆರೆದಿದ್ದರೆ ಮಾತು ಬರುತ್ತಿರಲಿಲ್ಲ ಮಗಳೇ, ಬೇರೆ ಏನೋ ಬರುತ್ತಿತ್ತು. ಅದೇ ಹೊತ್ತಿಗೆ ನಾಲ್ಕು ಕುಂಟು ಕುರಿಗಳನ್ನು ರುಸಾ ಕಿಟಕಿಯ ಕೆಳಗೆ ಹೊಡೆದುಕೊಂಡು ಬರುತ್ತಿದ್ದಳು. ಸದ್ದೇ ಇಲ್ಲ. ನೀನು ಆ ಕಡೆ ತಿರುಗಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದವಳು ಮತ್ತೆ ಬರಲಿಲ್ಲ. ಮೂರು ವರ್ಷದ ಮೇಲೆ ನಿನ್ನಿಂದ ಬಂದ ಮೊದಲ ಕಾಗದ ಕುರಿಯ ಬಗ್ಗೆ. ಅವತ್ತು ಕಿಟಕಿಯ ಕೆಳಗೆ ಕೇಳಿಸದೆ ಹೋದದ್ದು ನಿನಗೆ ಪರದೆಯ ಮೇಲೆ ಕೇಳಿಸಿತಲ್ಲ, ನನಗೆ ಅಷ್ಟು ಸಾಕು. ಆಸೆನನಿಗೂ ಸಾಕು.

ಇನ್ನು ಕತ್ತೆಯ ಮೇಲೆ ಹೊರಿಸಿದ ಆ ದುಡ್ಡು. ಒಪ್ಪಂದದಲ್ಲಿ ಬರೆದಿದ್ದದ್ದು ಗಂಟೆ ಕಟ್ಟಿದ ಮಂದೆ ಅಂತ. ಕಟ್ಟದ ಮಂದೆಗೆ ಮ್ಯಾನೇಜರು ಮುರಿದುಕೊಂಡೇ ಕೊಟ್ಟ. ರುಸಾಗೆ ತಿಳಿಯಬಾರದು ಅಂತ ಗುಟ್ಟಾಗಿ ನನ್ನ ದೊಡ್ಡ ಟಗರು ಪಾಶಾನನ್ನು ಮಾರಿ ಆ ಕೊರತೆ ತುಂಬಿಸಿದೆ, ತೋಳ ತಿಂದಿತು ಅಂತ ಊರಿಗೆಲ್ಲ ಸಾರಿದೆ. ಗೊಚೊ ಬಂದೂಕು ಹಿಡಿದು ಒಂದು ವಾರ ಕಾಡು ಅಲೆದ. ಆ ತೋಳ ಪಾಪ ಹುಟ್ಟಿಯೇ ಇರಲಿಲ್ಲ. ಕುಡಿದಾಗ ನಾನು ಕಳೆದುಕೊಂಡದ್ದು ಹತ್ತು ಸಾವಿರ ಅನ್ನುತ್ತೇನೆ, ಕುಡಿಯದಾಗ ಏನೂ ಇಲ್ಲ ಅನ್ನುತ್ತೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ: ನಿಮ್ಮಪ್ಪನಿಗಾಗಿ ನನ್ನ ಮಂದೆ ಸುಮ್ಮನೆ ನಡೆದದ್ದಕ್ಕೆ ಅವರು ಮುರಿದುಕೊಂಡದ್ದು ಮೂರು ಸಾವಿರದ ಆರುನೂರು ಲೆವಾ.