ಮುನವ್ವರಾ ಹಿಡಿದ ಸೀಟು

೨೪ ಜುಲೈ ೨೦೦೬, ಸೋಮವಾರ

ಇವತ್ತೂ ನಿಂತುಕೊಂಡೇ ಹೋದೆ. ರಾಮನಗರದಿಂದ ಬಿಡದಿ ತನಕ, ಕಂಬಿ ಹಿಡಿದು. ಮೂರು ವರ್ಷದಲ್ಲಿ ಇಲ್ಲದ್ದು.

ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿ ಬಸ್ಸು ಚನ್ನಪಟ್ಟಣದಿಂದ ಹೊರಡುತ್ತದೆ. ಮುನವ್ವರಾ ಅಲ್ಲೇ ಹತ್ತಿ, ಕಿಟಕಿ ಪಕ್ಕದ ಸೀಟಿನ ಮೇಲೆ ಟಿಫನ್ ಬ್ಯಾಗು ಇಟ್ಟು ನನಗೆ ಜಾಗ ಹಿಡಿಯುತ್ತಾಳೆ. ಹಿಡಿಯುತ್ತಿದ್ದಳು. ರಾಮನಗರದ ಐಜೂರಿನಲ್ಲಿ ನಾನು ಹತ್ತಿದ ಕೂಡಲೇ ಬ್ಯಾಗು ಎತ್ತಿ "ಬಾರೆ ಶಿವು" ಅನ್ನೋಳು. ಯಾರು ಎಷ್ಟು ಬೈದರೂ ಆ ಸೀಟು ಬಿಟ್ಟುಕೊಟ್ಟವಳಲ್ಲ.

ಈಗ ಅಲ್ಲಿ ಲತಾಮಣಿ. ಹೊಸದಾಗಿ ಸೇರಿದ ಹುಡುಗಿ. ಮುನವ್ವರಾಳ ಬೀದಿಯವಳೇ ಅಂತೆ. ಇಪ್ಪತ್ತೊಂದು ವರ್ಷ, ಎರಡು ಜಡೆ. ಈ ವಯಸ್ಸಿಗೆ ಎರಡು ಜಡೆ ಯಾಕೋ!

"ಪಾಪ ಕಣೆ, ಬಸ್ಸು ಅಂದ್ರೆ ವಾಂತಿ ಬತ್ತದೆ ಅವ್ಳಿಗೆ. ಒಸಿ ದಿನ ಕಿಟಕೀಲಿ ಕೂತ್ಕೊಳ್ಲಿ" ಅಂದಳು ಮುನವ್ವರಾ.

ಕೂತುಕೊಳ್ಳಲಿ. ನನಗೇನು ಕಾಲಿಲ್ಲವೆ?

೨೭ ಜುಲೈ

ಊಟದ ಹೊತ್ತಿನಲ್ಲಿ ಮುನವ್ವರಾಳ ಡಬ್ಬಿಯ ಖಿಚಡಿ ಮೂರು ಪಾಲಾಯಿತು. ನನ್ನ ಪಾಲು ಚಿಕ್ಕದು. ಅಥವಾ ನನಗೆ ಹಾಗೆ ಕಂಡಿತು.

ಆಮೇಲೆ ಆ ಹುಡುಗಿಗೆ ಕಾಲರ್ ಕೂರಿಸುವುದನ್ನು ಕಲಿಸಿದಳು. "ಬಟ್ಟೆ ಎಳೀಬ್ಯಾಡ, ಅದೇ ಬತ್ತದೆ ಬುಡು." ನಾನು ಸೇರಿದಾಗ ನನಗೂ ಇದೇ ಮಾತು, ಇದೇ ನಗು. ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಹೊಟ್ಟೆ ಉರಿಯುತ್ತಿದೆ. ಬರೆದರೆ ಕಮ್ಮಿ ಆಗುತ್ತದೆ ಅಂದುಕೊಂಡಿದ್ದೆ. ಆಗುತ್ತಿಲ್ಲ.

೧ ಆಗಸ್ಟ್, ಮಂಗಳವಾರ

ಮುನವ್ವರಾ ಜೊತೆ ಮಾತು ಬಿಟ್ಟಿದ್ದೇನೆ. ಅವಳಿಗೆ ಗೊತ್ತಾಗಲಿ.

ನನ್ನ ಚೆಕಿಂಗ್ ಟೇಬಲ್ ಹತ್ತಿರ ಬಂದಳು. "ಶಿವು, ನಿಂಗೊಂದ್ ಮಾತು ಹೇಳ್ಬೇಕು. ಬಾರೆ ಆ ಕಡೀಕೆ."

"ಟಾರ್ಗೆಟ್ ಐತೆ."

"ಎಲ್ರಿಗಿಂತ ಮೊದ್ಲು ನಿಂಗೇ ಹೇಳ್ಬೇಕು ಕಣೆ."

"ಲತಾಮಣಿಗೆ ಹೇಳೋಗು."

ಹೋದಳು. ಹೋಗಿಯೇಬಿಟ್ಟಳು! ಇನ್ನೊಂದು ಸಲ ಕರೆದಿದ್ದರೆ ಎದ್ದು ಹೋಗುತ್ತಿದ್ದೆ.

ಹದಿನೇಳಕ್ಕೆ ನನಗೆ ಇಪ್ಪತ್ತೆಂಟು. ಪ್ರತಿ ವರ್ಷ ಹುಟ್ಟಿದ ದಿನಕ್ಕೆ ಅವಳು ತನ್ನ ಅಬ್ಬಾ ಹತ್ತಿರ ಏನಾದರೂ ಮಾಡಿಸಿ ತರುತ್ತಾಳೆ. ಗಫಾರ್ ಸಾಬರು ಬೊಂಬೆ ಮಾಡುವವರು, ಅವರು ಹಾಕುವ ಅರಗಿನ ಬಣ್ಣ ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಮೊದಲ ವರ್ಷ ಕುಂಕುಮದ ಭರಣಿ. ಆಮೇಲೆ ಬಳೆ. ಹೋದ ವರ್ಷ ಬುಗುರಿ! "ಇಷ್ಟು ದೊಡ್ಡೋಳಿಗೆ ಬುಗುರಿ ಯಾಕೆ?" ಅಂದರೆ, "ಮನೇಲಿ ಗಂಡು ಹುಡ್ಕಿ ಹುಡ್ಕಿ ಬ್ಯಾಸರ ಆದಾಗ ಆಡು" ಅಂದಿದ್ದಳು. ಇಬ್ಬರೂ ಬಿಡದಿ ತನಕ ನಕ್ಕಿದ್ದೆವು.

ಈ ಸಲ ಮರೆಯುತ್ತಾಳೆ. ನೋಡುತ್ತಿರು.

೭ ಆಗಸ್ಟ್, ಸೋಮವಾರ

ನೋಡಿದೆ. ಕಣ್ಣಾರೆ ನೋಡಿದೆ.

ಬಸ್ಸಿನಲ್ಲಿ ಅವರಿಬ್ಬರ ತಲೆ ಮೇಲೆ ಕಂಬಿ ಹಿಡಿದು ನಿಂತಿದ್ದೆ. ಲತಾಮಣಿ ತೊಡೆಯ ಮೇಲಿನ ಬ್ಯಾಗು ಬಾಯಿ ತೆರೆದಿತ್ತು. ಒಳಗೆ ಒಂದು ಪುಟ್ಟ ಡಬ್ಬಿ. ಕೆಂಪು, ಸುತ್ತ ಹಳದಿ ಪಟ್ಟಿ. ಗಫಾರ್ ಸಾಬರ ಕೈಯದೇ. ನಾನು ನೋಡಿದ್ದು ಕಂಡು ಲತಾಮಣಿ ಬ್ಯಾಗನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

ಸೀಟು ಅವಳಿಗೆ. ಖಿಚಡಿ ಅವಳಿಗೆ. ಈಗ ಅದೂ ಅವಳಿಗೆ.

ನನ್ನ ಕೆಲಸ ಏನು? ಹೊಲಿಗೆ ತಪ್ಪಿದ ಕಡೆ ಬಾಣದ ಗುರುತಿನ ಸ್ಟಿಕರ್ ಅಂಟಿಸುವುದು. ಅಂಟಿಸಿದ ಪೀಸು ಹೊಲಿದವರಿಗೇ ವಾಪಸ್ಸು, ಬಿಚ್ಚಿ ಮತ್ತೆ ಹೊಲಿಯಬೇಕು. ನಮ್ಮ ಲೈನಿನಲ್ಲಿ ಈಗ ಕಾಲರ್ ಎಲ್ಲ ಲತಾಮಣಿಯದು.

ಇವತ್ತು ಅಂಟಿಸಿದೆ. ನೆಟ್ಟಗಿದ್ದ ಕಾಲರಿಗೂ ಅಂಟಿಸಿದೆ.

೯ ಆಗಸ್ಟ್

ಸೂಪರ್‌ವೈಸರ್ ನಟರಾಜು ಲತಾಮಣಿಯ ಮಿಷನ್ ಮುಂದೆ ವಾಪಸ್ಸು ಬಂದ ಪೀಸುಗಳ ಆಲ್ಟ್ರೇಷನ್ ಗಂಟು ಎಸೆದ. "ಏನವ್ವ, ಕಣ್ ಎಲ್ಲಿಕ್ಕೊಂಡು ಹೊಲೀತೀಯ? ನಾಳಿಂದ ದಾರ ಕತ್ತರ್ಸಕ್ಕೆ ಹೋಗು, ಹೆಲ್ಪರ್ ಸಂಬ್ಳ ತಗೊ."

ಅವಳು ಅಳಲಿಲ್ಲ. ಗಂಟು ಬಿಚ್ಚಿ ಒಂದೊಂದೇ ಕಾಲರ್ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮುನವ್ವರಾ ಮಾತ್ರ ಎರಡು ಕಾಲರ್ ನೋಡಿ, ತಲೆ ಎತ್ತಿ ನನ್ನನ್ನು ನೋಡಿದಳು.

ಖುಷಿಯಾಗಬೇಕಿತ್ತು. ಮಧ್ಯಾಹ್ನದವರೆಗೆ ಆಯಿತು.

೧೨ ಆಗಸ್ಟ್, ಶನಿವಾರ

ಸಾಯಂಕಾಲ ಮುನವ್ವರಾ ಲೈನಿನಲ್ಲಿ ಎಲ್ಲರಿಗೂ ಸ್ವೀಟ್ ಹಂಚುತ್ತಾ ಬಂದಳು. ನನ್ನ ಟೇಬಲ್ ಬರುವ ಮೊದಲೇ ಎದ್ದು ಬಾತ್‌ರೂಮಿಗೆ ಹೋದೆ. ಬೆಲ್ ಹೊಡೆಯುವ ತನಕ ಅಲ್ಲೇ ಇದ್ದೆ. ವಾಪಸ್ಸು ಬಂದರೆ ಟೇಬಲ್ ಮೇಲೆ ಪೇಪರಿನಲ್ಲಿ ಸುತ್ತಿದ ಮೈಸೂರ್ ಪಾಕ್.

ಅವ್ವನಿಗೆ ಕೊಟ್ಟೆ. ನಾನು ತಿನ್ನಲಿಲ್ಲ.

೧೪ ಆಗಸ್ಟ್, ಸೋಮವಾರ

ಬಸ್ಸಿನಲ್ಲಿ ಮುನವ್ವರಾ ಇರಲಿಲ್ಲ. ರಜಾ ಇರಬೇಕು ಅಂದುಕೊಂಡು ಹಿಂದೆ ಹೋಗಿ ನಿಂತೆ.

ಊಟದ ಹೊತ್ತಿಗೆ ನಮ್ಮ ಲೈನಿನ ಹಮೀದಾ ಎಲ್ಲರೆದುರಿಗೆ ಕೇಳಿದಳು. "ಮುನವ್ವರಾ ಕೆಲ್ಸ ಬುಟ್ಬುಟ್ಲಲ್ಲ. ಮೈಸೂರ್ ಹುಡುಗ, ನಿಕಾ ಅಲ್ಲೇ ಅಂತೆ. ನೀನೂ ಹೋಯ್ತೀಯೇನೆ?"

"ಗೊತ್ತು, ಗೊತ್ತು" ಅಂದೆ. ಊಟದ ಡಬ್ಬಿ ಮುಚ್ಚಿದೆ.

ಎಲ್ಲರಿಗಿಂತ ಮೊದಲು ನನಗೇ ಹೇಳಬೇಕು ಅಂದಿದ್ದಳು. ಎಲ್ಲರಿಗೂ ಗೊತ್ತಿತ್ತು. ನನಗೊಬ್ಬಳಿಗೇ...

೧೭ ಆಗಸ್ಟ್, ಗುರುವಾರ

ಇಪ್ಪತ್ತೆಂಟು. ಅವ್ವ ಎಣ್ಣೆ ಹಚ್ಚಿ ನೀರು ಹಾಕಿದಳು. ಪಾಯಸ ಮಾಡಿದ್ದಳು. ಹೊಸ ಸೀರೆ ಬೇಡ ಅಂದೆ. ಯಾರಿಗೆ ತೋರಿಸಲಿ?

ಬಸ್ಸು ಹತ್ತಿ ಕಂಬಿ ಹಿಡಿದೆ.

"ಅಕ್ಕಾ, ಇಲ್ಬನ್ನಿ."

ಲತಾಮಣಿ. ಕಿಟಕಿ ಪಕ್ಕದ ಸೀಟಿನ ಮೇಲೆ ಅವಳ ಬ್ಯಾಗು. ಹಿಂದಿನಿಂದ ಹಮೀದಾ ಗೊಣಗುತ್ತಿದ್ದಳು: "ಚನ್ನಪಟ್ಣದಿಂದ ಯಾರ್ನೂ ಕೂರಕ್ಕೆ ಬುಡ್ನಿಲ್ಲ ಈ ಹುಡ್ಗಿ."

ಕೂತೆ. ಕಿಟಕಿ ನನಗೆ ಬಿಟ್ಟು, ತಾನು ಈ ಕಡೆ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಕೂತಳು. ಹೊಟ್ಟೆ ತೊಳೆಸುತ್ತಿತ್ತೇನೋ. ಸ್ವಲ್ಪ ಹೊತ್ತಾದ ಮೇಲೆ ಬ್ಯಾಗಿನಿಂದ ಆ ಕೆಂಪು ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟಳು.

"ಮುನವ್ವರಕ್ಕ ಕೊಟ್ಟೋಗೌರೆ. ಹುಟ್ಟಿದ್ ದಿನ ನಾನಿರಕಿಲ್ಲ, ಅವತ್ತೇ ಕೊಡ್ಬೇಕು, ಮೊದ್ಲೇ ತೋರಿಸ್ಬ್ಯಾಡ ಅಂದ್ರು. ನಿಮ್ ಸ್ಟಿಕರ್ ಇಟ್ಕೊಳಕ್ಕಂತೆ. ಟೇಬಲ್ ತುಂಬಾ ಚೆಲ್ಲಾಡ್ತೀರಂತೆ."

ಡಬ್ಬಿಯ ಹಳದಿ ಪಟ್ಟಿಯ ಮೇಲೆ ಬೆರಳಾಡಿಸಿದೆ.

"ಸೀಟೂ ಹಿಡೀಬೇಕು, ಶಿವು ಒಬ್ಳೇ ಆಗ್ಬುಡ್ತಾಳೆ ಅಂದಿದ್ರು. ಸೋಮ್ವಾರದಿಂದ ಹಿಡೀತಾನೇ ಇವ್ನಿ ಅಕ್ಕ. ನೀವೇ ಈ ಕಡೆ ನೋಡಕಿಲ್ಲ."

ಡಬ್ಬಿಯ ಮುಚ್ಚಳ ತೆಗೆದೆ, ಹಾಕಿದೆ. ಎಷ್ಟು ಸಲವೋ.

ಬಿಡದಿ ಹತ್ತಿರ ಬರುವಾಗ ಮೆಲ್ಲಗೆ ಕೇಳಿದಳು. "ಅಕ್ಕಾ, ನನ್ ಕಾಲರ್‌ನಾಗೆ ಏನ್ ತಪ್ಪಾಯ್ತಿತ್ತು? ಎಷ್ಟ್ ನೋಡುದ್ರೂ ಗೊತ್ತಾಗ್ನಿಲ್ಲ. ಊಟುದ್ ಹೊತ್ನಲ್ಲಿ ಒಸಿ ತೋರ್ಸಿಕೊಡ್ತೀರಾ? ಕಲ್ತ್‌ಕತೀನಿ."

ನಗುತ್ತಿದ್ದಾಳೋ, ಚುಚ್ಚುತ್ತಿದ್ದಾಳೋ ಎಂದು ಮುಖ ನೋಡಿದೆ. ಅಂಥದ್ದೇನೂ ಇರಲಿಲ್ಲ. ನಿಜವಾಗಿಯೂ ಕಲಿಯಲು ಕೇಳುತ್ತಿದ್ದಳು. ಕಿಟಕಿಯ ಆಚೆ ತಿರುಗಿದೆ. ಫ್ಯಾಕ್ಟರಿ ಗೇಟು ಬರುವ ತನಕ ತಿರುಗಿಯೇ ಇದ್ದೆ. ಊಟದ ಹೊತ್ತಿನಲ್ಲಿ ಅವಳ ಕಣ್ಣಿಗೆ ಬೀಳಲಿಲ್ಲ.

ಡಬ್ಬಿ ಈಗ ಇಲ್ಲೇ ಇದೆ. ಒಂದು ಸ್ಟಿಕರೂ ಒಳಗೆ ಹಾಕಿಲ್ಲ. ಅವ್ವ ಎತ್ತಿ ನೋಡಿ, "ಮುನವ್ವರಾ ಮರೀನಿಲ್ಲ ನೋಡು" ಅಂದಳು.

ನಟರಾಜು ಹತ್ತಿರ ಹೋಗಿ ಹೇಳಬೇಕು. ಹೇಳಿದರೆ ನನ್ನ ಚೆಕಿಂಗ್ ಕೆಲಸ ಹೋಗುತ್ತದೆ. ಹೋಗಲಿ... ಹೋದರೆ ಏನು ಮಾಡುವುದು? ಮೊದಲು ಲತಾಮಣಿಗೆ ಹೇಳಬೇಕು. ನಾಳೆಯೂ ಸೀಟು ಹಿಡಿದಿರುತ್ತಾಳೆ, ನಾನು ಹತ್ತಿದ ಕೂಡಲೇ ಬ್ಯಾಗು ಎತ್ತುತ್ತಾಳೆ. ಕೂರುವ ಮೊದಲೇ ಹೇಳಿಬಿಡಬೇಕು. ಲತಾ, ನಿನ್ನ ಕಾಲರ್‌ನಲ್ಲಿ